ಹೊಸ ಸ್ಟೀರಿಯೊ ಹಾಕಿದ ಮೇಲೆ ಸ್ಪೀಕರ್‌ನಲ್ಲಿ ಕುಂಯ್ ಸದ್ದು: ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದು ಹೇಗೆ?

"ಹೊಸ ಸ್ಟೀರಿಯೊ ಹಾಕಿಸಿದೆ ಸಾರ್. ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ಸ್ಪೀಕರ್‌ನಲ್ಲಿ ಕುಂಯ್ ಅಂತ ಸದ್ದು ಏರ್ತಾ ಹೋಗುತ್ತೆ. ಅಂಗಡಿಯವರು ಸ್ಪೀಕರ್ ಬದಲಾಯಿಸಿ ಅಂತಾರೆ. ಬದಲಾಯಿಸ್ಲಾ?"

ಬೇಡ. ಎಂಜಿನ್ ಜೊತೆ ಏರಿಳಿಯುವ ಸದ್ದು ಸ್ಪೀಕರ್‌ನಲ್ಲಿ ಹುಟ್ಟುವುದಿಲ್ಲ. ಸ್ಪೀಕರ್ ಬರೀ ಬಾಯಿ. ಬೇರೆ ಯಾರೋ ಹೇಳಿಕೊಟ್ಟಿದ್ದನ್ನು ಒದರುತ್ತದೆ, ಅಷ್ಟೇ.

ಈ ಪ್ರಶ್ನೆಯನ್ನು ಇಷ್ಟು ಜನ ಕೇಳುತ್ತಾರೆ ಅಂದರೆ, ಒಂದು ಸಲ ಪೂರ್ತಿ ಬರೆದಿಡುವುದೇ ವಾಸಿ ಅನ್ನಿಸಿತು. ರಿಪೇರಿ ಸುಲಭ, ಹುಡುಕುವುದೇ ಕಷ್ಟ. ಅದಕ್ಕೇ ಮೊದಲ ದಿನ ಏನನ್ನೂ ಕೊಂಡುಕೊಳ್ಳಬೇಡಿ. ಸದ್ದು ತಡೆಯುವ ಫಿಲ್ಟರ್, ಹೊಸ ಸ್ಪೀಕರ್ ಯಾವುದೂ ಬೇಡ, ಹುಡುಕಲು ಬೇಕಾದ ಕೆಳಗಿನ ಸಾಮಾನು ಸಾಕು. ನಾನು ಹೇಳುತ್ತಿರುವುದು ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಐ10 ಥರದ ಮಾಮೂಲಿ ಪೆಟ್ರೋಲ್, ಡೀಸೆಲ್ ಕಾರುಗಳ ಬಗ್ಗೆ. ಎಲೆಕ್ಟ್ರಿಕ್ ಕಾರಾದರೆ ಸರ್ವಿಸ್ ಸೆಂಟರ್‌ಗೇ ಬಿಡಿ. ಅದರಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಕೈ ಹಾಕಲೇಬಾರದು.

ಏನೇನು ಬೇಕು

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್. ಬೆಂಗಳೂರಿನವರಿಗೆ ಎಸ್.ಪಿ. ರೋಡ್‌ನಲ್ಲಿ ಸಿಗುತ್ತದೆ, ಉಳಿದವರಿಗೆ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ. ಹತ್ತನೇ ನಂಬರ್ ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್, ಸ್ಯಾಂಡ್ ಪೇಪರ್, ಎರಡು ಮೂರು ರಿಂಗ್ ಲಗ್ (ವೈರಿನ ತುದಿಗೆ ಹಾಕುವ ಉಂಗುರ), ಎರಡೂವರೆ ಸ್ಕ್ವೇರ್ ಎಂಎಂ ದಪ್ಪದ ಕಪ್ಪು ವೈರ್ ಮೂರು ನಾಲ್ಕು ಮೀಟರ್, ಗೋಡೆ ಗಡಿಯಾರಕ್ಕೆ ಹಾಕುವ 1.5 ವೋಲ್ಟ್ ಸೆಲ್ ಒಂದು. ಡ್ಯಾಶ್‌ಬೋರ್ಡ್ ಪ್ಯಾನೆಲ್ ಎಬ್ಬಿಸಲು ಹಳೇ ಎಟಿಎಂ ಕಾರ್ಡ್ ಸಾಕು. ಸ್ಕ್ರೂಡ್ರೈವರ್‌ನಿಂದ ಮೀಟಿದರೆ ಪ್ಲಾಸ್ಟಿಕ್ ಮೇಲೆ ಗಾಯ ಉಳಿಯುತ್ತದೆ.

ಮೊದಲೇ ಎರಡು ಎಚ್ಚರಿಕೆ. ವೈರ್ ಬಿಚ್ಚುವ, ಜೋಡಿಸುವ ಕೆಲಸಕ್ಕೆ ಮುಂಚೆ ಬ್ಯಾಟರಿಯ ಮೈನಸ್ ತೆಗೆಯಿರಿ. ಎಲ್ಲ ಮುಗಿದ ಮೇಲೆ ಕೊನೆಗೆ ಹಾಕಿ. ಇನ್ನೊಂದು, ಡ್ಯಾಶ್ ಒಳಗೆ ಹಳದಿ ಕಪ್ಲರ್ (ವೈರ್ ಜೋಡಿಸುವ ಪ್ಲಾಸ್ಟಿಕ್ ತುದಿ) ಅಥವಾ ಹಳದಿ ಕೊಳವೆ ಸುತ್ತಿದ ವೈರ್ ಕಂಡರೆ ಅದು ಬಹುಪಾಲು ಏರ್‌ಬ್ಯಾಗ್‌ನದು. ಅದಕ್ಕೆ ಮೀಟರ್ ಮುಟ್ಟಿಸುವುದೂ ಬೇಡ.

ಹಂತ 1: ಸುಮ್ನೆ ಕೂತು ಕೇಳಿ

ಈ ಹಂತಕ್ಕೆ ಅರ್ಧ ಗಂಟೆ ಕೊಡಿ. ಇದನ್ನು ಹಾರಿಸಿದವರೇ ಆಮೇಲೆ ಮೂರು ಸಲ ಡ್ಯಾಶ್ ಬಿಚ್ಚುವುದು. ರಾತ್ರಿ ಹೊತ್ತು, ಬಯಲಿನಲ್ಲಿ ಕಾರು ನಿಲ್ಲಿಸಿ, ಗಾಜು ಏರಿಸಿ. ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಎಂಜಿನ್ ಓಡಿಸಬೇಡಿ, ಹೊಗೆ ಪ್ರಾಣಕ್ಕೆ ಅಪಾಯ.

ಎಂಜಿನ್ ಆನ್ ಇರಲಿ. ಸದ್ದು ಬರುತ್ತಿರುವಾಗ ವಾಲ್ಯೂಮ್ ಪೂರ್ತಿ ಸೊನ್ನೆಗೆ ಇಳಿಸಿ. ಸದ್ದು ಹಾಗೇ ಉಳಿಯಿತಾ? ಹಾಗಾದರೆ ಅದು ವಾಲ್ಯೂಮ್ ದಾಟಿದ ಮೇಲೆ ಸೇರಿಕೊಳ್ಳುತ್ತಿದೆ. ಅಂದರೆ ಸೆಟ್‌ನಿಂದ (ಸ್ಟೀರಿಯೊದಿಂದ) ಆಚೆ ಹೋಗುವ ವೈರ್, ಆಂಪ್ (ದನಿ ದೊಡ್ಡದು ಮಾಡುವ ಆಂಪ್ಲಿಫೈಯರ್) ಅಥವಾ ಅರ್ತ್ (ಕರೆಂಟ್ ವಾಪಸ್ ಹೋಗುವ ದಾರಿ). ವಾಲ್ಯೂಮ್ ಜೊತೆ ಸದ್ದೂ ಇಳಿಯಿತಾ? ಹಾಗಾದರೆ ಅದು ಹಾಡಿನ ಜೊತೆಯಲ್ಲೇ ಒಳಗೆ ಬರುತ್ತಿದೆ. ಫೋನ್, ಆಕ್ಸ್ ವೈರ್ (ಫೋನಿನ ಹೆಡ್‌ಫೋನ್ ತೂತಿನಿಂದ ಸ್ಟೀರಿಯೊಗೆ ಹೋಗುವ ವೈರ್), ಯುಎಸ್‌ಬಿ, ಎಫ್‌ಎಂ ಇವುಗಳಲ್ಲಿ ಯಾವುದೋ ಒಂದು. ಈ ಒಂದೇ ಪರೀಕ್ಷೆಯಲ್ಲಿ ಅರ್ಧ ಕೆಲಸ ಮುಗಿಯುತ್ತದೆ.

ಆಮೇಲೆ ಎಂಜಿನ್ ಆಫ್ ಮಾಡಿ, ಕೀಯನ್ನು ಸ್ಟೀರಿಯೊ ಆನ್ ಆಗುವಷ್ಟು ಮಾತ್ರ ತಿರುಗಿಸಿ ಕೇಳಿ. ಮತ್ತೆ ಎಂಜಿನ್ ಹಾಕಿ, ನ್ಯೂಟ್ರಲ್‌ನಲ್ಲಿ 2000 ಆರ್‌ಪಿಎಂವರೆಗೆ ಏರಿಸಿ ಇಳಿಸಿ. ಎಸಿ ಬ್ಲೋವರ್, ವೈಪರ್, ಹೆಡ್‌ಲೈಟ್, ಇಂಡಿಕೇಟರ್ ಒಂದೊಂದಾಗಿ ಹಾಕಿ ನೋಡಿ. ಯಾವುದಕ್ಕೆ ಏನಾಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಸದ್ದಿನ ಬಣ್ಣವೂ ಸುಳಿವೇ:

ಎಂಜಿನ್ ವೇಗದ ಜೊತೆ ಏರುವ "ಕುಂಯ್ಯ್" ಆಲ್ಟರ್ನೇಟರ್‌ನದು. ಆಲ್ಟರ್ನೇಟರ್ ಅಂದರೆ ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ನಮ್ಮ ಮೆಕ್ಯಾನಿಕ್‌ಗಳು ಇವತ್ತಿಗೂ ಡೈನಮೋ ಅನ್ನುತ್ತಾರೆ. ಅದರ ಕರೆಂಟ್‌ನಲ್ಲಿ ಸಣ್ಣ ಅಲೆ ಇದ್ದೇ ಇರುತ್ತದೆ. ಅದು ಹಾಡಿನ ದಾರಿಗೆ ಸೇರಿದಾಗ ಕೇಳಿಸುತ್ತದೆ.

ವೇಗಕ್ಕೆ ತಕ್ಕಂತೆ "ಟಿಕ್ ಟಿಕ್ ಟಿಕ್" ಅಂದರೆ ಸ್ಪಾರ್ಕ್ ಪ್ಲಗ್‌ನ ಕಿಡಿ ಇರಬಹುದು. ಪೆಟ್ರೋಲ್ ಕಾರಿನಲ್ಲಿ ಮಾತ್ರ. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯೇ ಇಲ್ಲ, ಹಾಗಾಗಿ ಡೀಸೆಲ್‌ನವರು ಬೇರೆ ಕಡೆ ಹುಡುಕಬೇಕು. ಹಳೇ ಕಾರಿಗೆ ರೆಸಿಸ್ಟರ್ (ಕಿಡಿಯ ಗಲಾಟೆ ತಗ್ಗಿಸುವ ಭಾಗ) ಇಲ್ಲದ ಪ್ಲಗ್ ಹಾಕಿದ್ದರೆ ಹೀಗಾಗುತ್ತದೆ. ಎನ್‌ಜಿಕೆ ಪ್ಲಗ್ ಆದರೆ ಅದರ ನಂಬರ್‌ನಲ್ಲಿ ಬಿಪಿಆರ್6ಇಎಸ್ ಅನ್ನುವಂತೆ ಆರ್ ಅಕ್ಷರ ಇದೆಯಾ ನೋಡಿ. ಇದ್ದರೆ ಅದು ರೆಸಿಸ್ಟರ್ ಪ್ಲಗ್.

ಎಂಜಿನ್ ಆಫ್ ಇದ್ದರೂ ಒಂದೇ ಸಮ "ಸ್ಸ್ಸ್" ಅಂದರೆ ಆಂಪ್‌ನ ಗೇನ್ (ಸೆಟ್‌ಗೂ ಆಂಪ್‌ಗೂ ಹೊಂದಿಸುವ ತಿರುಪು) ಜಾಸ್ತಿ ಆಗಿದೆ. ಹಳ್ಳಕ್ಕೆ ಇಳಿದಾಗ, ಬಾಗಿಲು ಹಾಕಿದಾಗ "ಕರಕರ" ಅಂದರೆ ಎಲ್ಲೋ ವೈರ್ ಸಡಿಲ. ಬೇಸ್ ಬಂದಾಗ ಮಾತ್ರ "ಬುರ್ರ್" ಅಂದರೆ ಕರೆಂಟಿನ ವಿಷಯವೇ ಅಲ್ಲ. ಬಾಗಿಲಿನ ಪ್ಯಾನೆಲ್ ಮೇಲೆ ಅಂಗೈ ಒತ್ತಿ ಹಿಡಿಯಿರಿ, ನಿಂತರೆ ಕ್ಲಿಪ್ ಸಡಿಲ ಆಗಿದೆ ಅಂತ.

ಹಂತ 2: ಫೋನ್, ಚಾರ್ಜರ್, ಎಫ್‌ಎಂ

ವಾಲ್ಯೂಮ್ ಜೊತೆ ಸದ್ದು ಇಳಿದವರಿಗೆ ಮಾತ್ರ ಈ ಹಂತ. ಉಳಿದವರು ಮುಂದಕ್ಕೆ ಹೋಗಿ.

ಆಕ್ಸ್ ವೈರ್‌ನಲ್ಲಿ ಹಾಡು ಕೇಳುತ್ತಾ ಅದೇ ಫೋನನ್ನು ಲೈಟರ್ ಸಾಕೆಟ್‌ನಲ್ಲಿ ಚಾರ್ಜ್‌ಗೆ ಹಾಕಿದ್ದೀರಾ? ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತಿತು ಅಲ್ವಾ? ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಫೋನಿಗೂ ಸ್ಟೀರಿಯೊಗೂ ಎರಡು ದಾರಿಯಲ್ಲಿ ಅರ್ತ್ ಸಿಕ್ಕಿದೆ: ಒಂದು ಚಾರ್ಜರ್ ಮೂಲಕ, ಇನ್ನೊಂದು ಆಕ್ಸ್ ವೈರ್ ಮೂಲಕ. ಎರಡು ದಾರಿಯ ನಡುವೆ ಸಣ್ಣ ಕರೆಂಟ್ ಸುತ್ತು ಹೊಡೆಯುತ್ತದೆ, ಅದೇ ಸದ್ದಾಗಿ ಕೇಳಿಸುತ್ತದೆ. ಪರಿಹಾರ ಸರಳ. ಬ್ಲೂಟೂತ್‌ನಲ್ಲಿ ಕೇಳಿ, ಇಲ್ಲವೇ ಸ್ಟೀರಿಯೊದ ಯುಎಸ್‌ಬಿಯಿಂದಲೇ ಚಾರ್ಜ್ ಮಾಡಿ ಅದರಲ್ಲೇ ಹಾಡು ಕೇಳಿ. ಡ್ಯಾಶ್‌ಕ್ಯಾಮ್ ಚಾರ್ಜರ್ ಕೂಡ ಇದೇ ಥರ ಕಾಟ ಕೊಡುತ್ತದೆ. ಅದನ್ನೂ ಕಿತ್ತು ನೋಡಿ.

ಎಫ್‌ಎಂನಲ್ಲಿ ಮಾತ್ರ ಗೊರಗೊರ ಅಂದರೆ ಆಂಟೆನಾ ನೋಡಿ. ಮನೆ ಹತ್ತಿರವೇ ಪ್ರಬಲವಾಗಿ ಬರುವ ಸ್ಟೇಷನ್ ಹಾಕಿ. ಬೆಂಗಳೂರಿನಲ್ಲಿ 101.3ರ ರೇನ್‌ಬೋ ಅಥವಾ 102.9ರ ವಿವಿಧ ಭಾರತಿ. ಅದೂ ಸರಿಯಾಗಿ ಬರದಿದ್ದರೆ ಆಂಟೆನಾ ಪಿನ್ ಪೂರ್ತಿ ಕೂತಿಲ್ಲ, ಅಥವಾ ಆಂಟೆನಾಗೆ ಕರೆಂಟ್ ಹೋಗುತ್ತಿಲ್ಲ. ಛಾವಣಿಯ ಮೇಲಿನ ಗಿಡ್ಡ ಆಂಟೆನಾಗಳಲ್ಲಿ ಹಲವಕ್ಕೆ ಒಳಗೇ ಸಣ್ಣ ಬೂಸ್ಟರ್ ಇರುತ್ತದೆ. ಅದಕ್ಕೆ ಸ್ಟೀರಿಯೊದ ನೀಲಿ ವೈರ್‌ನಿಂದ 12 ವೋಲ್ಟ್ ಬೇಕು. ಹಾಕುವವರು ಈ ನೀಲಿ ವೈರನ್ನು ಟೇಪ್ ಸುತ್ತಿ ಹಿಂದಕ್ಕೆ ತುರುಕಿಬಿಡುತ್ತಾರೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಆ ಕರೆಂಟ್ ಆಂಟೆನಾ ಕೇಬಲ್‌ನಲ್ಲೇ ಹೋಗಬೇಕಾಗಿರಬಹುದು. ಅದಕ್ಕೆ ಬೇರೆ ಅಡಾಪ್ಟರ್ ಕೇಳಿ ತನ್ನಿ.

ಹೊಸದಾಗಿ ಎಲ್‌ಇಡಿ ಹೆಡ್‌ಲೈಟ್ ಹಾಕಿದ್ದೀರಾ? ಲೈಟ್ ಹಾಕಿದಾಗ ಮಾತ್ರ ಎಫ್‌ಎಂ ಕೆಟ್ಟರೆ ತಪ್ಪು ಸ್ಟೀರಿಯೊದ್ದಲ್ಲ, ಆ ಬಲ್ಬಿನದು.

ಹಂತ 3: ಸೆಟ್‌ನ ಅರ್ತ್

ಹೆಚ್ಚಿನ ಕಾರುಗಳ ರೋಗ ಸಿಗುವುದು ಇಲ್ಲೇ. ಕಾರಿನಲ್ಲಿ ಕರೆಂಟ್ ಬ್ಯಾಟರಿಯ ಪ್ಲಸ್‌ನಿಂದ ವೈರ್‌ನಲ್ಲಿ ಬರುತ್ತದೆ, ವಾಪಸ್ ಹೋಗುವುದು ಬಾಡಿಯ ಕಬ್ಬಿಣದ ಮೂಲಕ. ಆ ವಾಪಸ್ ದಾರಿಯೇ ಅರ್ತ್. ಆ ದಾರಿ ಇಕ್ಕಟ್ಟಾದರೆ ಬ್ಲೋವರ್, ಲೈಟ್, ಆಲ್ಟರ್ನೇಟರ್ ಎಲ್ಲರ ಗಲಾಟೆಯೂ ನಿಮ್ಮ ಹಾಡಿಗೆ ಬಂದು ಸೇರುತ್ತದೆ. ಕಂಪನಿ ಕೊಟ್ಟ ಅರ್ತ್ ವೈರ್ ಸಣ್ಣ ರೇಡಿಯೊಗೆ ಸಾಕಾಗಿರುತ್ತದೆ. ದೊಡ್ಡ ಸ್ಕ್ರೀನ್ ಇರುವ ಆಂಡ್ರಾಯ್ಡ್ ಸೆಟ್ ಅದಕ್ಕಿಂತ ಜಾಸ್ತಿ ಕರೆಂಟ್ ಎಳೆಯುತ್ತದೆ.

ಪರೀಕ್ಷೆ ಹೀಗೆ. ಸೆಟ್ ಹೊರಕ್ಕೆ ಎಳೆದಿಡಿ, ವೈರ್‌ಗಳು ಹಾಗೇ ಇರಲಿ. ಮಲ್ಟಿಮೀಟರ್ ಡಿಸಿ 2 ವೋಲ್ಟ್ ರೇಂಜ್‌ಗೆ ಹಾಕಿ. ಅದರ ಕಪ್ಪು ಕಡ್ಡಿಗೆ ಉದ್ದದ ವೈರ್ ಸೇರಿಸಿ ಬ್ಯಾಟರಿಯ ಮೈನಸ್‌ಗೆ ಹಿಡಿಸಿ, ಕೆಂಪು ಕಡ್ಡಿಯನ್ನು ಸೆಟ್‌ನ ಕಪ್ಪು ವೈರ್ ಜೋಡಣೆಗೆ ಇಡಿ. ಬಾನೆಟ್ ಒಳಗೆ ವೈರ್ ಹಾಕುವಾಗ ಬೆಲ್ಟ್, ಫ್ಯಾನ್ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಈಗ ಎಂಜಿನ್, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ, ಹಾಡು ಜೋರಾಗಿ ಬಿಡಿ. ಮೀಟರ್ 0.1 ವೋಲ್ಟ್‌ಗಿಂತ ಕಡಿಮೆ ತೋರಿಸಿದರೆ ಅರ್ತ್ ಚೆನ್ನಾಗಿದೆ. 0.3, 0.5 ಅಂತ ಕುಣಿಯುತ್ತಿದ್ದರೆ ಕಳ್ಳ ಸಿಕ್ಕಿಬಿದ್ದ.

ಮೀಟರ್ ಇಲ್ಲದವರು ಒಂದು ವೈರನ್ನು ಸೆಟ್‌ನ ಹಿಂಭಾಗದ ತಗಡಿಗೂ ಸ್ಟಿಯರಿಂಗ್ ಕೆಳಗಿನ ಕಬ್ಬಿಣದ ತೊಲೆಯ ಬೋಲ್ಟ್‌ಗೂ ಒತ್ತಿ ಹಿಡಿದು ನೋಡಿ. ಸದ್ದು ತಗ್ಗಿದರೆ ಉತ್ತರ ಸಿಕ್ಕಿತು.

ರಿಪೇರಿ: ಸೆಟ್‌ನ ಕಪ್ಪು ವೈರ್‌ನಿಂದ ಎರಡೂವರೆ ಸ್ಕ್ವೇರ್‌ನ ಹೊಸ ವೈರ್ ಎಳೆದು, ತುದಿಗೆ ರಿಂಗ್ ಲಗ್ ಹಾಕಿ, ಬಾಡಿಯ ಬೋಲ್ಟ್‌ಗೆ ಬಿಗಿಯಿರಿ. ಲಗ್ ಕೂರುವ ಜಾಗದ ಬಣ್ಣವನ್ನು ಸ್ಯಾಂಡ್ ಪೇಪರ್‌ನಿಂದ ಉಜ್ಜಿ ತೆಗೆಯಲೇಬೇಕು, ತಗಡು ಬೆಳ್ಳಗೆ ಹೊಳೆಯುವವರೆಗೆ. ಬಿಗಿದ ಮೇಲೆ ಸುತ್ತ ಒಂದಿಷ್ಟು ಗ್ರೀಸ್ ಸವರಿ, ತುಕ್ಕು ಹಿಡಿಯಲ್ಲ. ನನ್ನ ಹಳೇ ವ್ಯಾಗನ್ ಆರ್‌ನಲ್ಲಿ ನಾನೇ ಅರ್ತ್ ಹಾಕಿದ್ದೆ, ಬೋಲ್ಟ್ ಗಟ್ಟಿಯಾಗಿಯೂ ಬಿಗಿದಿದ್ದೆ. ಎರಡು ವಾರ ಕುಂಯ್ ಕೇಳಿ, ಒಂದು ಫಿಲ್ಟರ್ ಕೂಡ ತಂದು ಹಾಕಿ, ಕೊನೆಗೆ ಬಿಚ್ಚಿದರೆ ಲಗ್ ಅಡಿಯಲ್ಲಿ ಕಂಪನಿಯ ಬಣ್ಣ ಕೆಡದೆ ಹಾಗೇ ಕೂತಿತ್ತು.

ಸೀಟ್ ಬೆಲ್ಟ್ ಬೋಲ್ಟ್‌ಗೆ ಅರ್ತ್ ಹಾಕಬೇಡಿ. ಅದು ಜೀವ ಕಾಯುವ ಬೋಲ್ಟ್, ಸಡಿಲಿಸಿ ಆಟ ಆಡುವುದಲ್ಲ. ಪ್ಲಾಸ್ಟಿಕ್‌ಗೆ ಹೊಕ್ಕ ಸ್ಕ್ರೂಗೆ ಅರ್ತ್ ಕೊಟ್ಟವರನ್ನೂ ಕಂಡಿದ್ದೇನೆ!

ಹಂತ 4: ಮೇನ್ ಲೈನ್

ಸ್ಟೀರಿಯೊ ಜೊತೆ ಬರುವ ವೈರ್‌ಗಳಿಗೆ ಸಾಮಾನ್ಯವಾಗಿ ಒಂದೇ ಬಣ್ಣದ ಲೆಕ್ಕ. ಹಳದಿ ಅಂದರೆ ಸದಾ ಇರುವ 12 ವೋಲ್ಟ್, ಕೆಂಪು ಅಂದರೆ ಕೀ ತಿರುಗಿಸಿದಾಗ ಮಾತ್ರ ಬರುವ ಲೈನ್, ಕಪ್ಪು ಅಂದರೆ ಅರ್ತ್. ಕಾರಿನ ಕಡೆಯ ವೈರ್‌ಗಳಿಗೆ ಈ ಲೆಕ್ಕ ನಂಬಬೇಡಿ, ಕಂಪನಿಗೊಂದು ಬಣ್ಣ.

ಬ್ಯಾಟರಿ ಅಳೆಯಿರಿ. ಎಂಜಿನ್ ಆಫ್ ಇದ್ದಾಗ 12.4ರಿಂದ 12.7, ಆನ್ ಇದ್ದಾಗ ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು. ಸ್ಮಾರ್ಟ್ ಹೈಬ್ರಿಡ್ ಥರದ ಕಾರುಗಳಲ್ಲಿ ಇದು ಬೇಕಂತಲೇ ಏರಿಳಿಯುತ್ತದೆ, ಗಾಬರಿ ಬೇಡ. ಚಾರ್ಜಿಂಗ್ ಕಡಿಮೆ ಇದ್ದು, ಕುಂಯ್ ಸದ್ದು ಜೋರಾಗಿದ್ದರೆ ಆಲ್ಟರ್ನೇಟರ್ ಒಳಗಿನ ಡಯೋಡ್ ಹೋಗಿರಬಹುದು. ಅದನ್ನು ಆಟೊ ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿ. ಆಲ್ಟರ್ನೇಟರ್‌ನ ಆ ಸಣ್ಣ ಅಲೆಯನ್ನು ನೀವೇ ಅಳೆಯೋಣ ಅಂದರೆ, ಅಗ್ಗದ ಮೀಟರ್‌ನ ಎಸಿ (ಏರಿಳಿಯುವ ಕರೆಂಟ್) ರೇಂಜ್ 200 ವೋಲ್ಟ್‌ನಿಂದ ಶುರುವಾಗುತ್ತದೆ, ಅದಕ್ಕೆ ಕಾಣುವುದಿಲ್ಲ.

ನನಗೆ ತುಂಬ ಇಷ್ಟವಾದ ಪರೀಕ್ಷೆ ಒಂದಿದೆ. ಮನೆಯ ಕಂಪ್ಯೂಟರ್ ಯುಪಿಎಸ್‌ನಲ್ಲಿ 12 ವೋಲ್ಟ್ 7 ಆಂಪಿಯರ್ ಅವರ್‌ನ ಪುಟ್ಟ ಬ್ಯಾಟರಿ ಇರುತ್ತದೆ. ಸೆಟ್‌ನ ಹಳದಿ, ಕೆಂಪು, ಕಪ್ಪು ಮೂರನ್ನೂ ಕಾರಿನಿಂದ ಬಿಡಿಸಿ ಆ ಬ್ಯಾಟರಿಗೆ ಕೊಡಿ. ಪ್ಲಸ್‌ನಲ್ಲಿ 10 ಆಂಪಿಯರ್ ಫ್ಯೂಸ್ ಮರೆಯಬೇಡಿ. ಎಂಜಿನ್ ಓಡಿಸಿ. ಸದ್ದು ಮಾಯವಾದರೆ ಅದು ಕಾರಿನ ಸಪ್ಲೈಯಿಂದಲೇ ಬರುತ್ತಿದೆ. ಹೋಗಲಿಲ್ಲ ಅಂದರೆ ಸ್ಪೀಕರ್ ವೈರ್, ಆಂಪ್ ಕಡೆ ಹೋಗಿ.

ಸಪ್ಲೈಯದ್ದೇ ಅಂತಾದರೆ ಹಳದಿ ಲೈನನ್ನು ಬ್ಯಾಟರಿಯಿಂದಲೇ ಬೇರೆಯಾಗಿ ಎಳೆಸಿ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಫ್ಯೂಸ್ ಇಲ್ಲದ ಲೈನ್ ಎಲ್ಲಾದರೂ ಬಾಡಿಗೆ ತಗುಲಿದರೆ ಬೆಂಕಿ.

ಹಂತ 5: ಸ್ಪೀಕರ್ ವೈರ್

ಈಗಿನ ಸ್ಟೀರಿಯೊಗಳಲ್ಲಿ ಸ್ಪೀಕರ್‌ನ ಎರಡು ವೈರ್‌ಗಳೂ ಜೀವಂತ. ಮೈನಸ್ ಅಂತ ಬರೆದಿದ್ದರೂ ಅದು ಅರ್ತ್ ಅಲ್ಲ, ಬಾಡಿಗೆ ಮುಟ್ಟಿಸಬಾರದು. ಮುಟ್ಟಿಸಿದರೆ ಸದ್ದು ಬರುತ್ತದೆ, ಸೆಟ್ ಬಿಸಿಯಾಗುತ್ತದೆ, ಒಳಗಿನ ಐಸಿ ಸುಡಲೂಬಹುದು. ಎರಡು ಸ್ಪೀಕರ್‌ನ ಮೈನಸ್ ಒಟ್ಟಿಗೆ ಕಟ್ಟುವುದೂ ತಪ್ಪು.

ಸೆಟ್‌ನಿಂದ ಸ್ಪೀಕರ್ ಕಪ್ಲರ್ ತೆಗೆಯಿರಿ. ಮೀಟರ್ ಓಮ್‌ಗೆ ಹಾಕಿ ಪ್ರತಿ ಸ್ಪೀಕರ್ ಜೋಡಿ ಅಳೆಯಿರಿ. 4 ಓಮ್ ಸ್ಪೀಕರ್ ಮೀಟರ್‌ನಲ್ಲಿ 3ರಿಂದ 4ರ ನಡುವೆ ತೋರಿಸುತ್ತದೆ. ಆಮೇಲೆ ಒಂದೊಂದು ವೈರ್‌ಗೂ ಬಾಡಿಗೂ ನಡುವೆ ಅಳೆಯಿರಿ. ಇಲ್ಲಿ ಏನೂ ತೋರಿಸಬಾರದು. ಏನಾದರೂ ನಂಬರ್ ಬಂದರೆ ವೈರ್ ಎಲ್ಲೋ ತಗಡಿಗೆ ತಗುಲಿದೆ. ಬಾಗಿಲು ತೆರೆದಾಗ ಕಾಣುವ ರಬ್ಬರ್ ಕೊಳವೆಯೊಳಗೆ ನೋಡಿ. ಸಾವಿರಾರು ಸಲ ಮಡಚಿ ಬಿಚ್ಚಿ ವೈರ್ ಸವೆಯುವುದು ಅಲ್ಲೇ. ಹೊಸ ಸ್ಪೀಕರ್ ಹಾಕಿದ್ದರೆ ಅದರ ಟರ್ಮಿನಲ್ ಬಾಗಿಲಿನ ತಗಡಿಗೆ ತಾಗುತ್ತಿದೆಯಾ, ಅದನ್ನೂ ನೋಡಿ.

1.5 ವೋಲ್ಟ್ ಸೆಲ್ ಈಗ ಬೇಕು. ಕಪ್ಲರ್ ಬಿಚ್ಚಿರುವಾಗಲೇ ಸೆಲ್‌ನ ಪ್ಲಸ್ಸನ್ನು ಸ್ಪೀಕರ್ ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಒಂದು ಕ್ಷಣ ತಾಗಿಸಿ. "ಟಪ್" ಅಂದು ಕೋನ್ ಹೊರಗೆ ಬರಬೇಕು. ಒಳಗೆ ಹೋದರೆ ವೈರ್ ಉಲ್ಟಾ. ಒಂದು ಸ್ಪೀಕರ್ ಮಾತ್ರ ಉಲ್ಟಾ ಆದರೆ ಕುಂಯ್ ಸದ್ದೇನೂ ಬರುವುದಿಲ್ಲ, ಆದರೆ ಬೇಸ್ ಸತ್ತಿರುತ್ತದೆ.

ತಿರುಚಿ ಬರೀ ಟೇಪ್ ಸುತ್ತಿದ ಜೋಡಣೆ ಕಂಡರೆ ಬಿಚ್ಚಿ ಸೋಲ್ಡರ್ ಮಾಡಿ, ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್ ಒಳಗೆ ಟೇಪಿನ ಅಂಟು ಕರಗಿ ಸುರುಳಿ ಬಿಚ್ಚಿಕೊಳ್ಳುತ್ತದೆ.

ಹಂತ 6: ಆಂಪ್ ಇದ್ದವರಿಗೆ

ಇಲ್ಲಿ ಒಂದೊಂದೇ ಬಿಡಿಸುತ್ತಾ ಹೋಗಬೇಕು. ಪ್ರತಿ ಸಲವೂ ಸೆಟ್, ಆಂಪ್ ಎರಡೂ ಆಫ್ ಮಾಡಿಯೇ ಆರ್‌ಸಿಎ ಪಿನ್ ಮುಟ್ಟಿ. ಆರ್‌ಸಿಎ ಅಂದರೆ ಸೆಟ್‌ನಿಂದ ಆಂಪ್‌ಗೆ ಹಾಡು ಒಯ್ಯುವ, ಕೆಂಪು ಬಿಳಿ ತುದಿಯ ಕೇಬಲ್.

ಆಂಪ್ ಹತ್ತಿರ ಆರ್‌ಸಿಎ ಕಿತ್ತು, ಎಂಜಿನ್ ಹಾಕಿ, ಸೆಟ್ ಆನ್ ಮಾಡಿ. ಸದ್ದು ಇನ್ನೂ ಇದೆಯಾ? ಹಾಗಾದರೆ ಬಹುಪಾಲು ಆಂಪ್‌ನ ಅರ್ತ್ ಸರಿಯಿಲ್ಲ. ಹಂತ 3ರ ಹಾಗೇ ಬಣ್ಣ ಉಜ್ಜಿ ಬಿಗಿಯಿರಿ. ಅರ್ತ್ ವೈರ್ ಒಂದೂವರೆ ಅಡಿಗಿಂತ ಉದ್ದ ಬೇಡ, ಅದರ ದಪ್ಪವೂ ಪ್ಲಸ್ ವೈರ್‌ನ ದಪ್ಪದಷ್ಟೇ ಇರಲಿ.

ಸದ್ದು ಇಲ್ಲವಾ? ಈಗ ಚಾರ್ಜ್‌ಗೆ ಹಾಕದ ಫೋನನ್ನು ಆಕ್ಸ್‌ನಿಂದ ಆರ್‌ಸಿಎ ವೈರ್ ಮೂಲಕ ನೇರ ಆಂಪ್‌ಗೆ ಕೊಡಿ. ಹಾಡು ಶುದ್ಧವಾಗಿ ಬಂದರೆ ತಪ್ಪು ಸೆಟ್‌ನಲ್ಲಿ ಅಥವಾ ಆರ್‌ಸಿಎ ಹೋದ ದಾರಿಯಲ್ಲಿ. ಬೇರೊಂದು ಆರ್‌ಸಿಎ ಕೇಬಲ್ ತಂದು ಸೀಟಿನ ಮೇಲಿಂದಲೇ ಎಳೆದು ನೋಡಿ. ಸದ್ದು ಹೋಯಿತು ಅಂದರೆ ಹಳೆಯ ಕೇಬಲ್ ಬ್ಯಾಟರಿಯ ಪ್ಲಸ್ ವೈರ್ ಪಕ್ಕದಲ್ಲೇ ಮಲಗಿದೆ, ಇಲ್ಲವೇ ಎಲ್ಲೋ ಕಟ್ ಆಗಿದೆ. ಪ್ಲಸ್ ಕಾರಿನ ಒಂದು ಬದಿಯಲ್ಲಿ ಹೋದರೆ ಆರ್‌ಸಿಎ ಇನ್ನೊಂದು ಬದಿಯಲ್ಲಿ ಹೋಗಲಿ. ಒಂದನ್ನೊಂದು ದಾಟಲೇಬೇಕಾದರೆ ಕೂಡುವ ಲೆಕ್ಕದ + ಗುರುತಿನ ಹಾಗೆ ಅಡ್ಡಡ್ಡ ದಾಟಲಿ.

ಹೊಸ ಕೇಬಲ್‌ನಲ್ಲೂ ಸದ್ದು ಇದೆಯಾ? ಆರ್‌ಸಿಎ ಪಿನ್‌ನ ಹೊರಗಿನ ಉಂಗುರದಿಂದ ಸೆಟ್‌ನ ತಗಡಿಗೆ ತುಂಡು ವೈರ್ ಮುಟ್ಟಿಸಿ. ತಟ್ಟನೆ ನಿಶ್ಶಬ್ದವಾದರೆ ಸೆಟ್ ಒಳಗಿನ ಸಣ್ಣ ಫ್ಯೂಸ್ ಹೋಗಿದೆ. ಕೆಲವು ಸೆಟ್‌ಗಳಲ್ಲಿ ಆರ್‌ಸಿಎಯ ಅರ್ತ್ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಫ್ಯೂಸ್ ಇರುತ್ತದೆ. ಆನ್ ಇರುವಾಗಲೇ ಆರ್‌ಸಿಎ ಕಿತ್ತು ಹಾಕಿದರೆ ಅದು ಸುಡಬಹುದು. ವಾರಂಟಿ ಇದ್ದರೆ ಕಂಪನಿಗೆ ಕೊಡಿ. ಮುಗಿದಿದ್ದರೆ ಆ ತುಂಡು ವೈರನ್ನೇ ಕಾಯಂ ಮಾಡಿಸಬಹುದು.

"ಸ್ಸ್ಸ್" ಸದ್ದಿನವರಿಗೆ ಗೇನ್. ಇದು ಎರಡನೇ ವಾಲ್ಯೂಮ್ ಅಲ್ಲ, ಸೆಟ್‌ಗೂ ಆಂಪ್‌ಗೂ ಹೊಂದಿಸುವ ತಿರುಪು. ಪೂರ್ತಿ ಇಳಿಸಿ. ಸೆಟ್‌ನ ಬೇಸ್ ಬೂಸ್ಟ್ ತೆಗೆದು, ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಚೆನ್ನಾಗಿ ಗೊತ್ತಿರುವ ಹಾಡು ಹಾಕಿ. ಗೇನ್ ನಿಧಾನಕ್ಕೆ ಏರಿಸಿ. ದನಿ ಒಡೆಯಲು ಶುರುವಾದ ಕೂಡಲೇ ಸ್ವಲ್ಪ ಹಿಂದಕ್ಕೆ ಬನ್ನಿ. ಅಲ್ಲಿಗೆ ಬಿಡಿ. ಬೂಫರ್ (ಬೇಸ್‌ಗೆಂದೇ ಇರುವ ದೊಡ್ಡ ಸ್ಪೀಕರ್) ಇನ್ನೂ ಗುದ್ದಬೇಕು ಅಂತ ಜಾಸ್ತಿ ಮಾಡಿದರೆ ಸುಡುವುದು ಬೂಫರ್‌ನ ಕಾಯಿಲ್.

ಹಂತ 7: ಫಿಲ್ಟರ್, ಕೊನೆಗೆ ಮಾತ್ರ

ಮೇಲಿನದೆಲ್ಲ ಮುಗಿದೂ ಸಣ್ಣ ಸದ್ದು ಉಳಿದರೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಬಹುದು. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವ ಡಬ್ಬಿ ಅದು. ಹಾಡು ದಾಟುತ್ತದೆ, ಅರ್ತ್ ದಾಟುವುದಿಲ್ಲ. ಅಗ್ಗದ್ದಾದರೆ ಬೇಸನ್ನೂ ಸ್ವಲ್ಪ ನುಂಗುತ್ತದೆ, ಆದ್ದರಿಂದ ಬೂಫರ್‌ನ ಆರ್‌ಸಿಎಗೆ ಹಾಕಬೇಡಿ. ಅಂಗಡಿಯಲ್ಲಿ ಕಾರು ನೋಡುವ ಮುಂಚೆಯೇ ಇದನ್ನು ಕೈಗೆ ಕೊಟ್ಟರೆ ಬೇರೆ ಅಂಗಡಿ ನೋಡಿ. ನೀವು ಚೀಟಿಯಲ್ಲಿ ಬರೆದುಕೊಂಡಿದ್ದನ್ನು ತೋರಿಸಿ, "ಅರ್ತ್‌ನಲ್ಲಿ ಎಷ್ಟು ವೋಲ್ಟ್ ಇದೆ, ಅಳೆದು ತೋರಿಸಿ" ಅಂತ ಕೇಳಿ. ಮೀಟರ್ ಎತ್ತಿಕೊಂಡು ಬರುವವರ ಹತ್ತಿರ ಕೆಲಸ ಮಾಡಿಸಿ.

ಹಂತ 8: ಮುಚ್ಚುವ ಮುಂಚೆ

ಸೆಟ್ ಸ್ಕ್ರೂ ಹಾಕದೆ, ವೈರ್‌ಗಳನ್ನು ಕೇಬಲ್ ಟೈನಿಂದ ಕಟ್ಟಿ, ಹಂಪ್ ಇರುವ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಪಕ್ಕದಲ್ಲಿ ಯಾರಾದರೂ ಸೆಟ್ ಹಿಡಿದು ಕೂತಿರಲಿ, ನೀವೇ ಬಗ್ಗಿ ನೋಡಲು ಹೋಗಬೇಡಿ. ಬ್ಲೋವರ್, ಲೈಟ್, ವೈಪರ್ ಎಲ್ಲ ಹಾಕಿ ಕೇಳಿ. ಸದ್ದಿಲ್ಲ ಅಂತ ಖಾತ್ರಿಯಾದ ಮೇಲೆ ಪ್ಯಾನೆಲ್ ಒತ್ತಿ ಕೂರಿಸಿ. ಕೊನೆಗೆ ಕೈಯಲ್ಲಿ ಒಂದು ಸ್ಕ್ರೂ ಉಳಿದರೆ ಜೇಬಿಗೆ ಹಾಕಿಕೊಳ್ಳಬೇಡಿ. ನಾಳೆ ಡ್ಯಾಶ್‌ಬೋರ್ಡ್ ಗಲಗಲ ಅನ್ನುವುದು ಅದೇ ಜಾಗದಿಂದ.